ಅತ್ತೆಯ ಮಣ್ಣಿಗೆ ಯಾವ ಸುಣ್ಣ

ನಮ್ಮ ಮನೆಯ ನೀರೊಲೆ ಕಿತ್ತು ಹಾಕಿ ಏಳು ವರ್ಷವಾಯಿತು. ಆದರೂ ಬೆಳಗ್ಗೆ ದೇವರ ದೀಪ ಹಚ್ಚುವಾಗ ಬಚ್ಚಲ ಕಡೆಯಿಂದ ಸೌದೆ ಹೊಗೆಯ ವಾಸನೆ ಬರುತ್ತದೆ. ಮೊದಮೊದಲು ಎದ್ದು ಹೋಗಿ ನೋಡುತ್ತಿದ್ದೆ. ಗ್ಯಾಸ್ ಗೀಸರು, ಬಕೆಟ್ಟು, ಒಣಗಿದ ಟೈಲ್ಸು, ಅಷ್ಟೇ. ಈಗ ಏಳುವುದಿಲ್ಲ. "ಬಂದ್ರಾ ಅತ್ತೆ" ಅಂತ ಮನಸ್ಸಲ್ಲೇ ಅಂದುಕೊಂಡು ಬತ್ತಿ ಸರಿಮಾಡುತ್ತೇನೆ.

ಅತ್ತೆ ಹೋಗಿ ಮೂರು ವರ್ಷ. ಮನೆಯ ಹಿಂದೆಯೇ ಮಲಗಿದ್ದಾರೆ. ಕೆ.ಆರ್. ಪುರದ ಈಚೆ ಕಡೆಯ ನಮ್ಮ ಹಳೇ ಊರಿನವರೆಲ್ಲ ಒಂದು ಕಾಲಕ್ಕೆ ರಾಗಿ, ತರಕಾರಿ ಬೆಳೆದವರು. ನಮ್ಮಲ್ಲಿ ಹೂಳುವುದು ಸ್ವಂತ ಜಮೀನಿನಲ್ಲೇ. ಜಮೀನೆಲ್ಲ ಸೈಟಾಗಿ, ಸೈಟೆಲ್ಲ ಪಿ.ಜಿ. ಬಿಲ್ಡಿಂಗ್ ಆಗಿ, ಮನೆ ಬಿಟ್ಟು ನಮಗೆ ಉಳಿದದ್ದು ಹಿತ್ತಲಿನ ಹತ್ತು ಗುಂಟೆ. ಅದರ ಹಿಂದಿನ ಮೂಲೆಯಲ್ಲಿ ಅತ್ತೆಯ ಸಮಾಧಿ. ಮಿಕ್ಕಿದ್ದರಲ್ಲಿ ಅತ್ತೆ ಓಡಾಡಿಕೊಂಡಿರುವವರೆಗೂ ದಂಟು, ಮೆಂತ್ಯ, ಸಬ್ಬಸಿಗೆ ಮೊಣಕಾಲುದ್ದ ನಿಲ್ಲುತ್ತಿದ್ದವು. ನನ್ನ ಕೈಗೆ ಬಂದ ಮೇಲೆ ವರ್ಷದಿಂದ ವರ್ಷಕ್ಕೆ ಕುಗ್ಗಿದವು. ಹೋದ ವರ್ಷ ಎಲೆಗಳ ನರ ಮಾತ್ರ ಹಸಿರು, ನಡುವೆಯೆಲ್ಲ ಹಳದಿ.

ಜ್ಯೇಷ್ಠದಲ್ಲಿ ಅತ್ತೆಯ ತಿಥಿ. ಊಟ ಮುಗಿಸಿ ಕೈ ತೊಳೆಯುತ್ತ ನಮ್ಮ ಯಜಮಾನರು ಹೇಳಿದರು, "ನೀರಿನ ಟ್ಯಾಂಕರ್‌ನವನು ಮತ್ತೆ ಕೇಳ್ದ. ಲಾರಿ ನಿಲ್ಸೋಕೆ ಜಾಗ ಬೇಕಂತೆ. ಬಾಡಿಗೆ ಚೆನ್ನಾಗಿ ಕೊಡ್ತಾನೆ."

"ಅತ್ತೆ ಇದಾರಲ್ರೀ ಅಲ್ಲಿ."

"ಅಮ್ಮನ ಮೇಲೆ ಯಾರೂ ಗಾಡಿ ಹತ್ಸಲ್ಲ ಕಣೆ. ಕಲ್ಲು ಕಿತ್ತು ಗೋಡೆ ಪಕ್ಕ ಇಟ್ರೆ ಆಯ್ತು. ಏನೂ ಬೆಳೀದಿರೋ ನೆಲ ಇಟ್ಕೊಂಡು ಏನ್ಮಾಡ್ತೀಯ? ನೋಡು, ಮಹಾಲಯ ಅಮಾಸೆವರೆಗೂ ಟೈಮ್. ಅಷ್ಟರೊಳಗೆ ಸೊಪ್ಪು ಎದ್ರೆ ನಿನ್ದು. ಇಲ್ದಿದ್ರೆ ಅವನ್ದು."

ಅವರು ಕೆಟ್ಟವರಲ್ಲ. ಸ್ಕೂಲ್ ವ್ಯಾನ್ ಓಡಿಸುತ್ತಾರೆ, ಡೀಸೆಲ್ ಹಾಕಿಸಿ ಹಾಕಿಸಿ ಸುಸ್ತಾಗಿದ್ದಾರೆ. ನಾಲ್ಕು ತಿಂಗಳು ಕೊಟ್ಟರಲ್ಲ, ಅದನ್ನೇ ದೇವರ ದಯೆ ಅಂತ ಸೆರಗಿಗೆ ಕಟ್ಟಿಕೊಂಡೆ.

ತಿಥಿಗೆ ಮುಂಚೆ ಸಮಾಧಿಗೆ ಸುಣ್ಣ ಬಳಿಯುವುದು ನಮ್ಮ ಪದ್ಧತಿ. ಡಬ್ಬದ ಬಣ್ಣ ಆಗದು. ಸುಟ್ಟ ಸುಣ್ಣದ ಕಲ್ಲನ್ನೇ ತಂದು ಮಡಕೆಯಲ್ಲಿ ನೀರು ಹೊಯ್ದು ಅರಳಿಸಬೇಕು. ಅದಕ್ಕೆ ನಾನು ಬಸ್ಸು ಹತ್ತಿ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಒಂದು ಅಂಗಡಿಗೆ ಹೋಗುತ್ತೇನೆ. ಅಲ್ಲಿ ಮುದುಕರೊಬ್ಬರಿದ್ದಾರೆ. ಈ ಸಲ ತಿಥಿಗೆ ಎರಡು ದಿನ ಮುಂಚೆ ಹೋದಾಗ, "ಗೋಡೆಗಾ ಅಮ್ಮಾ, ಎಲೆಅಡಿಕೆಗಾ?" ಅಂದರು.

"ಸಮಾಧಿಗೆ."

"ಅಚ್ಛಾ, ಗೋರಿಗೆ! ಹಾಗಾದ್ರೆ ಒಳ್ಳೇದೇ ಕೊಡ್ಬೇಕು. ಮಲಗಿರೋರು ಕಂಪ್ಲೇಂಟ್ ಮಾಡಲ್ಲ, ನೀವು ಬಂದು ಮಾಡ್ತೀರ."

ಅವರು ಕೊಟ್ಟದ್ದು ಹಾಲಿನಂತೆ ಅರಳಿತು. ಬಳಿದು ಅರ್ಧ ಮಡಕೆ ಉಳಿಯಿತು, ಹಾಗೇ ಒಂದಷ್ಟು ಕಲ್ಲೂ ಉಳಿಯಿತು. ನೆಲಕ್ಕೆ ಸುಣ್ಣ ಹಾಕಿದರೆ ಸರಿಹೋಗುತ್ತದೆ ಅಂತ ಪಕ್ಕದ ಬೀದಿಯವರೊಬ್ಬರು ಹೇಳಿದ್ದು, ಯಜಮಾನರು ಗಡುವು ಕೊಟ್ಟ ಮೇಲೆ ನೆನಪಾಯಿತು. ಗೋಡೆಗೂ ಇದೇ, ಎಲೆಗೂ ಇದೇ, ಅತ್ತೆಯ ಕಲ್ಲಿಗೂ ಇದೇ, ಮಣ್ಣಿಗೆ ಮಾತ್ರ ಬೇರೆ ಇರುತ್ತದೆಯೇ? ಸುಣ್ಣ ಅಂದರೆ ನಮ್ಮಂಥವರಿಗೆ ಒಂದೇ. ಮತ್ತೊಂದು ಮೂಟೆ ತರಿಸಿ, ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ, ಅದೇ ದಿನ ಹರಡಿ, ಮಾರನೇ ದಿನ ದಂಟಿನ ಬೀಜ ಎರಚಿದೆ. ಕೆಲಸ ಬೇಗ ಮುಗಿಯಿತು ಅಂತ ಹೆಮ್ಮೆ ಬೇರೆ.

ಹರಡುತ್ತಿದ್ದ ಹಾಗೇ ಮೂಗು ಸೀಳುವಂಥ ಘಾಟು ಎದ್ದಿತು. ಕಣ್ಣು ಬಿಡಲು ಆಗಲಿಲ್ಲ. ಪಿ.ಜಿ.ಯ ಎರಡನೇ ಮಹಡಿಯಿಂದ ಒಬ್ಬಳು ಹುಡುಗಿ ಕೂಗಿದಳು, "ಆಂಟೀ, ಏನ್ ಸುಡ್ತಿದೀರ? ಇಲ್ಲಿ ಉಸಿರಾಡೋಕೆ ಆಗ್ತಿಲ್ಲ!"

"ಸುಡ್ತಿಲ್ಲ ಕಣಮ್ಮ, ಗೊಬ್ಬರ ಹಾಕ್ತಿದೀನಿ."

"ಗೊಬ್ಬರಾನಾ? ನಾವು ಬದುಕಿರೋದು ಬೇಡ್ವಾ?"

ಮೂರು ದಿನಕ್ಕೆ ನೆಲದ ಮೇಲೆ ಎರೆಹುಳುಗಳು ಬಿಳಿಚಿಕೊಂಡು ಸತ್ತು ಬಿದ್ದಿದ್ದವು. ಬೀಜ ನಾಲ್ಕು ಕಡೆ ಮೊಳೆತು ತುದಿ ಕರಕಾಗಿ ಮಲಗಿತು. ನಾನು ಅವುಗಳ ನಡುವೆ ನಿಂತಿದ್ದಾಗ ಬೆನ್ನ ಹಿಂದೆ ಬಳೆ ಸದ್ದಾಯಿತು. ಅತ್ತೆಯದು ಎರಡು ಹಿತ್ತಾಳೆ ಬಳೆ, ಗಾಜಿನ ಸದ್ದಲ್ಲ. ತಿರುಗಿದರೆ ಸಮಾಧಿ ಬೆಳ್ಳಗೆ ಹೊಳೆಯುತ್ತಿತ್ತು, ಅಷ್ಟೇ. ನನ್ನ ನಾದಿನಿಗೆ ಫೋನಲ್ಲಿ ಹೇಳಿದರೆ, "ಅಮ್ಮನಿಗೆ ಕೋಪ ಬಂದಿದೆ ಅತ್ತಿಗೆ, ಶಾಂತಿ ಮಾಡಿಸಿ" ಅಂದಳು. ನಾನು ವಾರವೆಲ್ಲ ಒಪ್ಪೊತ್ತು ಇದ್ದೆ. ಕೊನೆಗೆ ನಾಲ್ಕು ಕಡೆಯ ಮಣ್ಣನ್ನು ಬೇರೆ ಬೇರೆ ಪ್ಲಾಸ್ಟಿಕ್ ಕವರುಗಳಲ್ಲಿ ತುಂಬಿಕೊಂಡು ಕೃಷಿ ಕಚೇರಿಗೂ ಹೋದೆ. ದೇವರು ಎರಡು ಕಡೆಯಿಂದಲೂ ಉತ್ತರ ಕೊಡುತ್ತಾನೆ ಅಂತ ನನ್ನ ನಂಬಿಕೆ.

ಹದಿನೈದು ದಿನ ಬಿಟ್ಟು ಬರಹೇಳಿದರು. ಅಲ್ಲಿದ್ದ ಹೆಣ್ಣುಮಗಳು ಕಾಗದ ನೋಡಿ, "ತುಂಬಾ ಹುಳಿ ಅಮ್ಮಾ ಮಣ್ಣು. ಒಂದು ಕವರಲ್ಲಿ ಮಾತ್ರ ಸುಣ್ಣ ಅತಿಯಾಗಿದೆ, ಮಿಕ್ಕಿದ್ದೆಲ್ಲ ಹುಳಿ. ಸರಿಯಾಗಿ ಬೆರೆತಿಲ್ಲ" ಅಂದಳು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಹಣೆ ಚಚ್ಚಿಕೊಂಡಳು.

"ಸುಟ್ಟ ಸುಣ್ಣಾನ ಗೊಬ್ಬರದ ಜೊತೆ ಕಲಸಿದ್ರಾ? ಗೊಬ್ಬರದ ಸತ್ವವೆಲ್ಲ ಆ ಘಾಟಲ್ಲೇ ಹಾರೋಯ್ತು. ಬೀಜ ಮರುದಿನವೇ ಹಾಕಿದ್ರಾ?"

"ಬೇಗ ಆಗ್ಲಿ ಅಂತ."

ಅವಳು ಸಮಾಧಾನವಾಗಿ ಕೂರಿಸಿ ತಿಳಿಸಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ, ಹಿತ್ತಲಿರುವ ಯಾರಿಗಾದರೂ ಉಪಯೋಗವಾದೀತು. ಸುಟ್ಟ ಸುಣ್ಣ ಎಲ್ಲಕ್ಕಿಂತ ಜೋರು, ವಾರಗಳಲ್ಲೇ ಕೆಲಸ ಮಾಡುತ್ತದೆ, ಆದರೆ ಕೈಯನ್ನೂ ಸುಡುತ್ತದೆ, ಬೇರನ್ನೂ ಸುಡುತ್ತದೆ. ಅದರ ಒಂದು ಮೂಟೆ ದುಡ್ಡಿಗೆ, ಸುಡದೆ ಬೀಸಿದ ಸುಣ್ಣಕಲ್ಲಿನ ಪುಡಿ ನಮ್ಮ ಕಡೆ ಮೂರು ಮೂಟೆ ಸಿಗುತ್ತದೆ. ಒಂದು ಮೂಟೆ ಸುಟ್ಟಿದ್ದು ಮಾಡುವ ಕೆಲಸಕ್ಕೆ ಪುಡಿ ಹೆಚ್ಚುಕಮ್ಮಿ ಎರಡು ಮೂಟೆ ಬೇಕು; ಆದರೂ ಪುಡಿಯೇ ಅಗ್ಗ. ಗಾಡಿ ಬಾಡಿಗೆ ಮಾತ್ರ ಜಾಸ್ತಿ, ತೂಕ ಜಾಸ್ತಿಯಲ್ಲವೇ. ನಿಧಾನ, ತಿಂಗಳುಗಟ್ಟಲೆ. ಡೋಲೊಮೈಟ್ ಅನ್ನುವ ಇನ್ನೊಂದು ಪುಡಿ ಇದಕ್ಕಿಂತ ಸ್ವಲ್ಪ ದುಬಾರಿ, ಇನ್ನೂ ನಿಧಾನ. ಆದರೆ ಅದರಲ್ಲಿ ಮೆಗ್ನೀಸಿಯಂ ಇರುತ್ತದೆ; ನರ ಹಸಿರು, ನಡುವೆ ಹಳದಿ ಇರುವ ಎಲೆಗೆ ಅದೇ ಔಷಧಿ. ಯಾವುದೇ ಆಗಲಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿರಬೇಕು. ರವೆಯ ಹಾಗಿರುವುದು ಅರ್ಧ ಬೆಲೆಗೆ ಸಿಕ್ಕರೂ ನಷ್ಟವೇ. ಅದು ಹಾಗೇ ಕಲ್ಲಾಗಿ ಕೂತಿರುತ್ತದೆ.

"ಮೇಡಂ, ಇವುಗಳಲ್ಲಿ ಅಮಾಸೆಯೊಳಗೆ ಆಗೋದು ಯಾವ್ದು?"

"ಬೇಗ ಆಗೋದನ್ನೇ ಹಾಕಿ ಬಂದಿದೀರಲ್ಲಮ್ಮಾ" ಅಂದಳು, ನಗದೆ. ಆಮೇಲೆ ಕೇಳಿದಳು, "ನೆಲ ಮೊದ್ಲು ಚೆನ್ನಾಗಿತ್ತು ಅಂತೀರ. ಆಗ ಏನು ಹಾಕ್ತಿದ್ರಿ? ಒಲೆ ಬೂದಿ ಏನಾದ್ರೂ? ಅದೂ ಸುಣ್ಣದ ಹಾಗೇ ಹುಳಿ ಮುರಿಯುತ್ತೆ."

"ಹೂಂ. ನಮ್ಮತ್ತೆ ಹಾಕ್ತಿದ್ರು" ಅಂದೆ.

ಅತ್ತೆ ದಿನಾ ಬೆಳಗ್ಗೆ ನೀರೊಲೆಯ ಬೂದಿ ಮೊರಕ್ಕೆ ತುಂಬಿ ಹಿತ್ತಲಿಗೆ ಬೀಸುತ್ತಿದ್ದರು. ಬಿಳೀ ಸೀರೆಯ ಸೆರಗು ಬಾಯಿಗೆ ಮುಚ್ಚಿಕೊಂಡು, ಗಾಳಿ ನೋಡಿಕೊಂಡು. ಹೊಗೆಗೆ ನನ್ನ ಕಣ್ಣುರಿ ಅಂತ, ಗೀಸರು ಬೇಕು ಅಂತ ಹಟ ಹಿಡಿದವಳು ನಾನು. ಒಲೆ ಕಿತ್ತ ದಿನ ಅವರು ಕೇಳಿದ್ದು ಒಂದೇ, "ನೆಲಕ್ಕೇನ್ ಹಾಕ್ತೀಯೇ ಇನ್ಮೇಲೆ?" ನಾನು ಅಂದೆ, "ಅಂಗಡೀಲಿ ಚೀಲದಲ್ಲಿ ಸಿಗುತ್ತಲ್ಲತ್ತೆ." ಹಾಸಿಗೆ ಹಿಡಿದ ಮೇಲೂ ಎರಡು ಸಲ ಕೇಳಿದರು, "ಹಾಕಿದ್ಯಾ?" ಹೂಂ ಅಂದಿದ್ದೆ. ಹಾಕಿದ್ದು ಯೂರಿಯಾ. ಅದು ಹುಳಿ ಹೆಚ್ಚಿಸುತ್ತದಂತೆ.

ಆವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದೆ. ಅವರು ಕೋಪ ಮಾಡಿಕೊಂಡಿರಲಿಲ್ಲ, ಹೇಳಿಯೇ ಹೋಗಿದ್ದರು ಅನ್ನುವುದು ಕೋಪಕ್ಕಿಂತ ಭಾರವಾಗಿ ಎದೆ ಮೇಲೆ ಕೂತಿತು.

ಡೋಲೊಮೈಟ್ ಅರ್ಧ, ಸುಣ್ಣಕಲ್ಲಿನ ಪುಡಿ ಅರ್ಧ ತರಿಸಿದೆ. ಅಂಗಡಿಯಲ್ಲಿ ಬೆರಳಲ್ಲಿ ಉಜ್ಜಿ ನೋಡಿ, ಕೈಚೀಲದಿಂದ ನಿಂಬೆಹಣ್ಣು ತೆಗೆದು ಹಿಂಡಿದೆ; ಸುಣ್ಣಕಲ್ಲಿನ ಪುಡಿ ಬುಸ್ಸೆಂದು ನೊರೆ ಬರಬೇಕು, ಡೋಲೊಮೈಟ್ ಮೆಲ್ಲಗೆ. ಅಂಗಡಿಯವನು, "ಏನಮ್ಮಾ, ಚಿತ್ರಾನ್ನ ಮಾಡ್ತೀರಾ?" ಅಂತ ನಕ್ಕ. ಸುಣ್ಣ ಅತಿಯಾಗಿದ್ದ ಕಡೆಯ ಮಣ್ಣನ್ನು ಕೆದಕಿ ಎಲ್ಲ ಕಡೆಗೂ ಎಳೆದು ಹರಡಿದೆ. ಪುಡಿ ಎರಚಿ, ಗುದ್ದಲಿಯಲ್ಲಿ ಅಗೆದು, ಒಂದು ಮಳೆ ಆದ ಮೇಲೆ ಮತ್ತೆ ಅಗೆದೆ. ಗೊಬ್ಬರವನ್ನು ಮೂರು ವಾರ ಬಿಟ್ಟು ಹಾಕಿದೆ. ಬೀಜ ಹಾಕಲಿಲ್ಲ. ಹಾಕಿ ತೋರಿಸಿಬಿಡೋಣ ಅಂತ ಆಸೆ ಬಹಳ ಇತ್ತು. ಆದರೆ ನೆಲ ಇನ್ನೂ ಹದಕ್ಕೆ ಬಂದಿರಲಿಲ್ಲ; ಮತ್ತೊಂದು ಸಲ ಅತ್ತೆಯ ಪಕ್ಕದಲ್ಲಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅಮಾವಾಸ್ಯೆ ಬಂತು. ನೆಲ ಬೋಳು. ಹಿರಿಯರ ಎಡೆಗೆ ನಮ್ಮ ಹಿತ್ತಲ ದಂಟೇ ಇಡುತ್ತಿದ್ದವಳು ರಾಮಮೂರ್ತಿ ನಗರದ ತಳ್ಳುಗಾಡಿಯಲ್ಲಿ ಕಟ್ಟು ಕೊಂಡು ತಂದೆ. ಎಡೆ ಮುಂದೆ ಕೈ ಮುಗಿದಾಗ ಅಳು ತಡೆಯಲಾಗಲಿಲ್ಲ. ಯಜಮಾನರಿಗೆ ಎಲ್ಲ ಹೇಳಿಬಿಟ್ಟೆ: ಒಲೆ, ಬೂದಿ, ಹೂಂ ಅಂದದ್ದು.

"ಗೀಸರ್‌ಗೆ ದುಡ್ಡು ಕೊಟ್ಟಿದ್ದು ನಾನಲ್ವೇನೆ" ಅಂದರು. "ನನ್ನೂ ಕೇಳಿದ್ಲು ಅಮ್ಮ. ವ್ಯಾನ್ ತೊಳೀತಿದ್ದೆ. ನಾನು ಉತ್ತರಾನೇ ಕೊಡ್ಲಿಲ್ಲ."

"ಸಂಕ್ರಾಂತಿವರೆಗೂ ಕೊಡ್ರೀ."

"ಟ್ಯಾಂಕರ್‌ನವನಿಗೆ ಮಾತು ಕೊಟ್ಬಿಟ್ಟಿದೀನಿ ಕಣೆ. ಅಡ್ವಾನ್ಸ್ ವ್ಯಾನ್‌ನ ಟಯರ್‌ಗೆ ಹೋಯ್ತು."

ಮರುದಿನ ಬೆಳಗ್ಗೆ ನೋಡಿದರೆ ಅವರೇ ಲುಂಗಿ ಎತ್ತಿ ಕಟ್ಟಿ, ನಡು ಮಧ್ಯಕ್ಕೆ ಗೂಟ ಹೊಡೆದು ಹಗ್ಗ ಎಳೆಯುತ್ತಿದ್ದರು. ರಸ್ತೆ ಕಡೆಯ ಐದು ಗುಂಟೆ ಟ್ಯಾಂಕರಿಗೆ, ಅತ್ತೆಯ ಕಡೆಯ ಐದು ನನಗೆ. ಅರ್ಧ ಬಾಡಿಗೆಗೆ ಅವನು ಜಗಳ ಆಡಿದನಂತೆ. ಕಲ್ಲನ್ನು ಯಾರೂ ಮುಟ್ಟಲಿಲ್ಲ. ನಾನು ಅದನ್ನೂ ದಯೆಯ ಲೆಕ್ಕಕ್ಕೇ ಸೇರಿಸಿದೆ.

ಕಾರ್ತಿಕ ಕಳೆದ ಮೇಲೆ ದಂಟು ಹಾಕಿದೆ. ಎದ್ದಿದೆ. ಎಲೆ ಪೂರ್ತಿ ಹಸಿರು, ಅಲ್ಲಲ್ಲಿ ಇನ್ನೂ ಕುಳ್ಳು. ಹಗ್ಗದ ಆಚೆ ಜಲ್ಲಿ ಸುರಿದು ರೋಲರ್ ಹೊಡೆದಿದ್ದಾರೆ. ಅಲ್ಲಿಗೂ ನಾನು ಅಷ್ಟೇ ಪುಡಿ ಹಾಕಿ, ಅಷ್ಟೇ ಅಗೆದಿದ್ದೆ. ಲಾರಿಗಳಿಂದ ನೀರು ಸೋರಿ ಜಲ್ಲಿಯೊಳಗೆ ಇಳಿಯುವಾಗ ಸೊಪ್ಪು ಕೀಳುತ್ತಿದ್ದ ಕೈ ನಿಲ್ಲುತ್ತದೆ. ಕೆಳಗೆ ಆ ಸುಣ್ಣ ಕರಗುತ್ತಲೇ ಇದೆ. ಮಣ್ಣು ಮೆಲ್ಲಗೆ ಸರಿಹೋಗುತ್ತಲೇ ಇದೆ. ಇನ್ನು ಯಾರೂ ಬಿತ್ತುವುದಿಲ್ಲ ಅಂತ ಅದಕ್ಕೆ ಯಾರೂ ಹೇಳಿಲ್ಲ.