ಸಾಹೇಬರ ರಾಜೀನಾಮೆ, ಅವನ ವರ್ಗಾವಣೆ

ಮಂತ್ರಿಗಳು ರಾಜೀನಾಮೆ ಕೊಟ್ಟ ಸುದ್ದಿಯನ್ನು ನಾನು ಟಿವಿಯಲ್ಲಿ ನೋಡಿದೆ. ಅವರ ಆಪ್ತ ಶಾಖೆಯಲ್ಲೇ ಕೆಲಸ ಮಾಡುತ್ತಿದ್ದವಳು ನಾನು. ಆದರೂ ತುಮಕೂರು ಪಕ್ಕದ ಮರಳೂರಿನ ನಮ್ಮ ಮನೆಯಲ್ಲಿ ದೋಸೆ ಮಗುಚುತ್ತಾ ಊರವರೆಲ್ಲರ ಹಾಗೆಯೇ ನೋಡಬೇಕಾಯಿತು. ಸ್ವಾಭಿಮಾನಕ್ಕೆ ಧಕ್ಕೆಯಾಗಿದೆ ಎನ್ನುತ್ತಿದ್ದರು ಸಾಹೇಬರು. ಇಷ್ಟು ವರ್ಷ ಗಡದ್ದಾಗಿ ಮಲಗಿದ್ದ ಆ ಸ್ವಾಭಿಮಾನ ಚುನಾವಣೆ ಘೋಷಣೆಯ ಹಿಂದಿನ ದಿನ ಎದ್ದು ಕೂತಿತ್ತು. ನೀತಿ ಸಂಹಿತೆ ಬಂದರೆ ಸರ್ಕಾರಿ ಕಾರು ಹೇಗೂ ಹೋಗುತ್ತಿತ್ತು. ಒಂದು ದಿನ ಮೊದಲೇ ಬಿಟ್ಟುಕೊಟ್ಟರೆ ಅದು ತ್ಯಾಗ. ಮುಂದಿನ ವಾರ ಇನ್ನೊಂದು ಪಕ್ಷದ ಶಾಲು ಹೊದ್ದರು.

ಅದು ಅವರ ರಾಜಕೀಯ. ನನ್ನ ಸಂಕಟವೇ ಬೇರೆ. ಮಂತ್ರಿ ಹೋದರೆ ಆಪ್ತ ಶಾಖೆಯವರು ತಂತಮ್ಮ ಹಳೆಯ ಇಲಾಖೆಗೆ ವಾಪಸ್. ನೀತಿ ಸಂಹಿತೆ ಜಾರಿಯಾದ ಮೇಲೆ ವರ್ಗಾವಣೆಯನ್ನೂ ಕೇಳುವಂತಿಲ್ಲ. ತುಮಕೂರಿನ ಡಿಸಿ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಿತ್ತು. ವರ್ಷಗಟ್ಟಲೆ ಬೆಂಗಳೂರಿನ ರೈಲಿನಲ್ಲಿ ನಿಂತು ಓಡಾಡಿದವಳಿಗೆ, ಮಗಳು ಕಾಲೇಜಿನಿಂದ ಬರುವ ಹೊತ್ತಿಗೆ ಮನೆಯಲ್ಲಿರಬೇಕು ಎನ್ನುವುದಷ್ಟೇ ಆಸೆ. ಆ ಕುರ್ಚಿ ನನಗೆ ಸಿಗಬೇಕಿತ್ತು. ಸಿಕ್ಕಿದ್ದು ಅವನಿಗೆ.

ಅವನೆಂದರೆ ನನ್ನ ಪಕ್ಕದ ಮೇಜಿನವನು. ನನಗಿಂತ ಚಿಕ್ಕವನು, ಅಮೃತೂರಿನವನು, ಬಾಯಿ ತೆರೆದರೆ ‘ಅಕ್ಕಾ’. ರಾಜೀನಾಮೆಯ ಸುಳಿವನ್ನು ಸಾಹೇಬರೇ ಅವನಿಗೆ ಗುಟ್ಟಾಗಿ ಹೇಳಿದ್ದರು ಎಂದಾದರೂ ಇದ್ದಿದ್ದರೆ ಸಾಹೇಬರನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಅವರು ಹೇಳಿರಲಿಲ್ಲ. ಹೇಳಿದವಳು ನಾನು.

ಮಂತ್ರಿಗಳ ಕೊಠಡಿಯಲ್ಲಿ ಒಂದು ಪದ್ಧತಿಯಿದೆ. ಅಧಿಕಾರ ವಹಿಸಿಕೊಳ್ಳುವ ದಿನ ಮೊದಲು ಒಳಗೆ ಹೋಗುವುದು ಮನೆದೇವರ ಫೋಟೋ. ಪೂಜೆಯಾದ ಮೇಲೆ ಮಂತ್ರಿ ಕುರ್ಚಿಯಲ್ಲಿ ಕೂರುತ್ತಾರೆ. ಬಿಟ್ಟು ಹೋಗುವಾಗಲೂ ಮೊದಲು ಹೊರಡುವುದು ಆ ದೇವರೇ. ರಾಜೀನಾಮೆಗೆ ಕೆಲವು ದಿನ ಮುಂಚೆ ಸಾಹೇಬರು ನನ್ನನ್ನು ಕರೆದು, “ಈ ಫೋಟೋದ ಫ್ರೇಮು ಹಳೇದಾಗಿದೆ. ನಿಮ್ಮೂರಲ್ಲಿ ಚೆನ್ನಾಗಿ ಹಾಕ್ತಾರೆ ಅಂದಿದ್ದೆಯಲ್ಲಮ್ಮ” ಎಂದರು. ನಾನು ಉಬ್ಬಿಹೋದೆ. ಮನೆದೇವರನ್ನು ನನ್ನ ಕೈಗೆ ಕೊಟ್ಟರು, ಅವನ ಕೈಗಲ್ಲ. ಅವನಿಗೆ ಕಾಣಲಿ ಎಂದೇ ಅವನ ಮೇಜಿನ ಪಕ್ಕದಲ್ಲಿ ನಿಂತು ಪೇಪರಿನಲ್ಲಿ ಸುತ್ತಿದೆ.

“ದೇವ್ರನ್ನ ಎಲ್ಲಿಗೆ ಅಕ್ಕಾ?”

“ಫ್ರೇಮ್ ಹಾಕ್ಸೋಕೆ ಕಣೋ. ನಂಗೇ ಹೇಳವ್ರೆ.”

“ಆಮೇಲೆ ಇಲ್ಲಿಗೇ ತರ್ತೀರಾ?”

“ಇಲ್ಲ, ಸಾಹೇಬ್ರ ಮನೆಗೆ ಕೊಡ್ಬೇಕಂತೆ.”

ಅವನು ಹೂಂ ಎಂದು ಫೈಲಿಗೆ ತಲೆ ಹಾಕಿದ. ನಾನು ದೇವರನ್ನು ತೊಡೆಯ ಮೇಲಿಟ್ಟುಕೊಂಡು ತುಮಕೂರಿಗೆ ಬಂದೆ. ಅವನು ಮಾರನೇ ದಿನವೇ ವರ್ಗಾವಣೆಗೆ ಸಾಹೇಬರ ಸಹಿ ಹಾಕಿಸಿಕೊಂಡ.

ನನಗೆ ಸಿಕ್ಕಿದ್ದು ಅಮೃತೂರಿನ ನಾಡಕಚೇರಿ. ಅವನ ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ಬೆಳಿಗ್ಗೆ ನಾನು ಅಲ್ಲಿಗೆ, ಅವನು ತುಮಕೂರಿಗೆ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಬಸ್ಸು ಬದಲಾಯಿಸುತ್ತಿದ್ದೆವು. ಅದಲು ಬದಲು ಮಾಡಿಕೊಳ್ಳೋಣವೇ ಎಂದು ಒಮ್ಮೆ ಬಾಯಿಬಿಟ್ಟು ಕೇಳಿಯೂ ಬಿಟ್ಟೆ. “ಡಿಸಿ ಆಫೀಸಂದ್ರೆ ಡಿಸಿ ಆಫೀಸು ಅಲ್ವಾ ಅಕ್ಕಾ” ಎಂದು ನಕ್ಕ. ಅವನ ಇಸ್ತ್ರಿ ಶರ್ಟು ಕಂಡರೆ ಮೈ ಉರಿಯುತ್ತಿತ್ತು. ಗುಬ್ಬಿಯಲ್ಲಿರುವ ನನ್ನಕ್ಕ ಫೋನಿನಲ್ಲಿ ನನ್ನ ಗೋಳು ಕೇಳಿ ಕೇಳಿ ಸಾಕಾಗಿ, “ಅವ್ನು ಆರಾಮಾಗವ್ನೆ, ನೀನ್ಯಾಕೆ ಬೇಯ್ತೀಯ? ಬುಡು ಅತ್ಲಾಗೆ” ಎಂದಳು. ಬಿಡಲು ಆಗಲಿಲ್ಲ.

ಚುನಾವಣೆ ಮುಗಿಯಿತು. ಸಾಹೇಬರು ಗೆದ್ದು, ಹೊಸ ಸರ್ಕಾರದಲ್ಲೂ ಮಂತ್ರಿಯಾದರು. ಒಂದು ಮಧ್ಯಾಹ್ನ ನಾಡಕಚೇರಿಯಲ್ಲಿದ್ದಾಗ ಅವರದೇ ಫೋನು ಬಂತು. ಎದ್ದು ನಿಂತೇ ಮಾತಾಡಿದೆ.

“ಚೆನ್ನಾಗಿದೀಯೇನಮ್ಮ? ನಿನ್ನ ಪಕ್ಕ ಕೂರ್ತಿದ್ದನಲ್ಲ, ಅವನ ಫೋನ್ ಸಿಗ್ತಿಲ್ಲ. ಬಂದು ಸೇರ್ಕೊಳ್ಳೋಕೆ ಹೇಳು. ಬಲು ಚುರುಕು ಹುಡುಗ.”

ಅವನು ಬೆಂಗಳೂರಿಗೆ ಹೋದರೆ ತುಮಕೂರಿನ ಕುರ್ಚಿ ಖಾಲಿಯಾಗುತ್ತದೆ, ನಾನು ಕೇಳಬಹುದು. ಅದು ಹೊಳೆಯಲೇ ಇಲ್ಲ. ನನ್ನನ್ನು ಯಾಕೆ ಕರೆಯಲಿಲ್ಲ ಎನ್ನುವುದೊಂದೇ ತಲೆಯಲ್ಲಿತ್ತು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಹೇಳಿದೆ.

“ಅಯ್ಯೋ, ನಾನೊಲ್ಲೆ ಅಕ್ಕಾ. ಇನ್ನೊಂದು ಎಲೆಕ್ಷನ್ ಬಂದ್ರೆ ಇನ್ನೊಂದು ರಾಜೀನಾಮೆ. ನೀವೇ ಹೋಗಿ” ಎಂದು ಅವನು ಬಸ್ಸು ಹತ್ತಿದ.

ನಾನು ಅಲ್ಲೇ ನಿಂತು ಸಾಹೇಬರಿಗೆ ಫೋನು ಮಾಡಿದೆ. “ಅವ್ನು ಬರಲ್ವಂತೆ ಸಾರ್” ಎಂದು ಹೇಳಿ, ಸುಮ್ಮನೆ ಕಾದೆ.

“ಹೌದಾ? ಛೇ” ಎಂದರು ಸಾಹೇಬರು. “ಹೋಗಲಿ ಬಿಡಮ್ಮ, ಬೇರೆ ಯಾರನ್ನಾದ್ರೂ ಹುಡುಕ್ತೀನಿ.”