ಟವೆಲ್ಲಿನ ಕೆಳಗೆ ಇಲ್ಲದ ಕೈಗಳು

ದಲಾಲ ಕಾಕಾ ಅವರ ಬಲಗೈ ಬೆರಳುಗಳಿಗೆ ಸುಣ್ಣ, ತಂಬಾಕು, ಸಗಣಿಯ ವಾಸನೆ ಒಟ್ಟಿಗೇ ಅಂಟಿರುತ್ತಿತ್ತು. ತೋರುಬೆರಳಿನ ಉಗುರು ಸೀಳಿ, ನಡುವೆ ಕಪ್ಪು ಗೆರೆ ಕಟ್ಟಿತ್ತು. ಹುಮನಾಬಾದಿನ ದನದ ಸಂತೆಯಲ್ಲಿ ಆ ಕೈ ಟವೆಲ್ಲಿನ ಕೆಳಗೆ ಹೋಗಿ ಕೊಳ್ಳುವವನ ಕೈ ಹಿಡಿಯುತ್ತಿತ್ತು. ಬೆಲೆಯನ್ನು ಬೆರಳುಗಳೇ ಒತ್ತಿ ಹೇಳುತ್ತಿದ್ದವು. ಸುತ್ತ ನಿಂತವರಿಗೆ ಕಾಣುತ್ತಿದ್ದುದು ಅಲುಗಾಡುವ ಬಟ್ಟೆ ಮತ್ತು ನಿದ್ದೆಗಣ್ಣಿನ ಎರಡು ಮುಖ.

ಆ ಟವೆಲ್ ನನಗೆ ಒಮ್ಮೆ ಕೆಂಪಾಗಿ ನೆನಪಾಗುತ್ತದೆ, ಒಮ್ಮೆ ಬಿಳಿಯಾಗಿ. ಸತ್ತವರನ್ನು ತೊಳೆದು ಚೊಕ್ಕ ಮಾಡಿ ಕೂರಿಸುವ ನೆನಪಿನ ಚಾಳಿ ನನಗೆ ಹೇಸಿಗೆ. ಆದ್ದರಿಂದ ಬಣ್ಣ ಬಿಟ್ಟುಬಿಡುತ್ತೇನೆ. ನಾತ ಮಾತ್ರ ಖಚಿತ.

ನಾತ ಬಂದದ್ದು ನಮ್ಮ ಓಣಿಯ ಹಿಂದೆ ಎದ್ದ ಕೆಮಿಕಲ್ ಕಾರ್ಖಾನೆಯಿಂದ. ರೊಟ್ಟಿ ಮುರಿದರೆ ಅದೇ ನಾತ, ಕೂಸಿನ ತಲೆ ಮೂಸಿದರೆ ಅದೇ. ಓಣಿಯ ಬಾವಿಯಲ್ಲಿ ಹಳದಿ ನೊರೆ. ಜನ ಗೇಟಿಗೆ ಹೋದಾಗ ಮ್ಯಾನೇಜರು, "ಬಂದ್ ಮಾಡೋಕಾಗಲ್ಲ. ನಿಮಗೇನು ಬೇಕು ಹೇಳಿ" ಎಂದರು. ಅಷ್ಟಕ್ಕೇ ನಮ್ಮವರ ಮುಖ ಅರಳಿತು. ಚೌಕಾಸಿ ಬಲ್ಲವರೆಂದರೆ ಕಾಕಾ. ಅವರನ್ನೇ ಕಳಿಸಿದರು.

ನಾನಾಗ ಬಸವಕಲ್ಯಾಣದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ಹಕ್ಕು ಯಾರದೆಂದು ಸ್ಪಷ್ಟವಿದ್ದರೆ ಹೊಗೆ ಬಿಡುವವನೂ ಹೊಗೆ ಕುಡಿಯುವವನೂ ತಾವೇ ಕೂತು ಬಗೆಹರಿಸಿಕೊಳ್ಳಬಹುದೆಂದು ಹೊಸದಾಗಿ ಕಲಿತಿದ್ದೆ.

"ಕಾಕಾ, ಮೊದಲ ಗಾಳಿ ಯಾರದು, ನೀರು ಯಾರದು ಅಂತ ಠರಾವ ಆಗ್ಬೇಕು. ಆಮ್ಯಾಲ ಮಾತು" ಎಂದೆ.

"ಹುಚ್ಚಪ್ಪಾ," ಎಂದು ನಕ್ಕರು, "ಸಂತ್ಯಾಗ ಎತ್ತು ಯಾರದಂತ ಯಾರ ಕೇಳ್ತಾರ? ಹಗ್ಗ ಯಾರ ಕೈಯಾಗ ಅದ, ಅವಂದು."

ಗೇಟಿನ ಬೇವಿನ ಮರದಡಿ ಟವೆಲ್ ಹರಡಿದರು. ಮ್ಯಾನೇಜರು ಆಟವೆಂಬಂತೆ ನಗುತ್ತ ಕೈ ಒಳಗಿಟ್ಟರು. ಎಷ್ಟು ಟ್ಯಾಂಕರ್ ನೀರು ಎಂಬುದಷ್ಟೇ ಅಲ್ಲಿ ಕುದುರಿತು. ವಿಷ ಬಿಡಬಹುದೋ ಬಾರದೋ ಎಂಬುದಕ್ಕೆ ಆ ಬೆರಳುಗಳಲ್ಲಿ ಗುರುತೇ ಇರಲಿಲ್ಲ. ಎದ್ದ ಮೇಲೆ ಮ್ಯಾನೇಜರು ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡರು.

ಓಣಿಗೆ ದಿನಾ ಟ್ಯಾಂಕರ್. ಬದಲಿಗೆ ಓಣಿ ತಕರಾರು ಎತ್ತಬಾರದು. ನಮ್ಮವರು ಪೇಢೆ ಹಂಚಿದರು. ಆ ನಾತದಲ್ಲೇ ಬಾಯಿ ಚಪ್ಪರಿಸಿ ತಿಂದರು. ಚಿಟಗುಪ್ಪ ರಸ್ತೆಯಾಚೆಯ ಗುಡಿಸಲುಗಳ ಕೂಲಿಯವರೂ ಅದೇ ಬಾವಿಯಿಂದ ಸೇದುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಟ್ಯಾಂಕರಿನ ಹತ್ತಿರ ಬಂದರೆ ನಮ್ಮ ಹೆಂಗಸರೇ, "ನಿಮ್ಮ ಮಾತು ಆಗಿಲ್ಲ, ನಡೀರಿ" ಎಂದು ಅಟ್ಟುತ್ತಿದ್ದರು.

ಮ್ಯಾನೇಜರು ಬದಲಾದರು, ಟ್ಯಾಂಕರ್ ನಿಂತಿತು. ಕಾಕಾನ ಜೊತೆ ನಾನೂ ಹೋದೆ. ಹೊಸ ಮ್ಯಾನೇಜರು ಕೂತಲ್ಲಿಂದಲೇ, "ಕಾಗದ ಎಲ್ಲಿದೆ?" ಎಂದರು.

"ಕೈ ಹಿಡದಾರ್ರೀ ಸಾಹೇಬ್ರ."

"ಯಾರ ಕೈ?"

ಸಂತೆಯಲ್ಲಿ ಹಿಡಿದ ಕೈಯನ್ನು ಯಾರೂ ಇಲ್ಲವೆಂದದ್ದನ್ನು ಕಾಕಾ ಕಂಡವರಲ್ಲ. ಹೊರಗೆ ಬಂದು ಮೋರಿಯ ಬದಿ ಕೂತು ವಾಂತಿ ಮಾಡಿಕೊಂಡರು. ನಾತಕ್ಕೋ, ಅವಮಾನಕ್ಕೋ, ನಾನು ತೀರ್ಮಾನಿಸಲಾರೆ.

ಮಾರಿದ ಎತ್ತು ಖೋಟಾ ಬಂದರೆ ದಲಾಲನೇ ಅದನ್ನು ತನ್ನ ಮನೆಯಲ್ಲಿ ಕಟ್ಟಿಕೊಳ್ಳುವುದು ಅವರ ರಿವಾಜು. "ಖೋಟಾ ಮಾಲು ನಂದೇ" ಎಂದವರೇ, ಮಾಣಿಕನಗರದ ಕಡೆ ಏರಿನಲ್ಲಿದ್ದ ತಮ್ಮ ಮನೆಯ ಬೋರನ್ನು ಎಲ್ಲರಿಗೂ ಬಿಟ್ಟರು. ಅಲ್ಲಿಗೆ ಇನ್ನೂ ವಿಷ ಮುಟ್ಟಿರಲಿಲ್ಲ. ನಮ್ಮವರು ಕೊಡ ಹಿಡಿದು ನುಗ್ಗಿದರು, ಗುಡಿಸಲಿನ ಹೆಂಗಸರನ್ನು ಮೊಣಕೈಯಿಂದ ತಿವಿದು ಹಿಂದೆ ತಳ್ಳಿದರು. ಕಾಕಾ ಕಟ್ಟೆಯಿಂದ ಇಳಿದು ಬಂದರು.

"ಸರೀರಿ ಹಿಂದ! ಅವತ್ತು ಟವೆಲ್ ಕೆಳಗ ಇವರ ಕೈ ಇರ್ಲಿಲ್ಲ. ಇವರೇ ಮೊದಲ ತುಂಬ್ಲಿ."

"ನಮ್ಮನ್ನ ಮಾರಿದ ಮ್ಯಾಲ ನ್ಯಾಯ ಹೇಳಾಕತ್ತಾನ ಮುದಕ," ಎಂದಳು ನಮ್ಮ ಓಣಿಯವಳೊಬ್ಬಳು, ಕೊಡ ಮಾತ್ರ ಕೆಳಗಿಡದೆ.

"ಹೇಳಾಕತ್ತೇನಿ ಯವ್ವಾ. ನಿನ್ನ ಪಾಳಿ ಬರೂ ತನಕ ಬೈಕೋತ ನಿಂದ್ರು."

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ದಿವಸದ ಕಾರ್ಯ ಮುಗಿದ ಮರುದಿನವೇ ಮಗ ಬೋರಿಗೆ ಬೀಗ ಜಡಿದ. ನೀರು ತನ್ನದು, ಓಣಿಯವರು ಏನು ಕೊಡುತ್ತಾರೆ ಎಂದು ಕೇಳಿ ಕಳಿಸಿದ. ಕಲಿತವನೆಂದು ಓಣಿ ನನ್ನನ್ನು ಮುಂದೆ ಮಾಡಿತು. ಜೊತೆಗೆ ಬಂದ ಹಿರಿಯರೊಬ್ಬರು ದಾರಿಯಲ್ಲಿ ಕಿವಿಗೆ ಬಾಯಿ ಹಚ್ಚಿ, "ಗುಡಿಸಲಿನವ್ರನ್ನ ಬಿಟ್ಟಬಿಡು ತಮ್ಮಾ, ಸಸ್ತಾ ಆಗ್ತದ" ಎಂದರು. ಆ ಬೆಚ್ಚಗಿನ ಉಸಿರನ್ನು ಕಿವಿಯಿಂದ ಒರೆಸಿಕೊಂಡೆ.

ಮಗ ಕೇಳಿದ: "ಯಾರ ಸಲುವಾಗಿ ಬಂದೀರಿ?"

"ಮೊದಲ ಗುಡಿಸಲಿನವ್ರ ಸಲುವಾಗಿ."

"ಅವರು ನಿಮಗೇನಾಗ್ಬೇಕು?"

"ನನಗೇನಲ್ಲ. ನಿಮ್ಮಪ್ಪನ ಬಾಕಿ."

ಹಿರಿಯರು ಥೂ ಎಂದು ಎದ್ದು ಹೋದರು. ಬೀಗ ಇನ್ನೂ ಹಾಗೇ ಇದೆ. ನಾನು ದಿನಾ ಹೋಗಿ ಕಾಕಾನ ಕಟ್ಟೆಯ ಮೇಲೆ ಕೂರುತ್ತೇನೆ. ಈ ಸಲ ಗುಡಿಸಲಿನ ಹೆಂಗಸರೂ ಬಂದು ಖಾಲಿ ಕೊಡ ಮುಂದಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂರುತ್ತಾರೆ.