ದರ ಹೇಳುವ ಪೆಟ್ಟಿಗೆ

ಅರಸೀಕೆರೆಯ ಕೊಬ್ಬರಿ ಮಂಡಿಯ ಇಂದುಧರ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಕೂತರೆ ಕಾಲು ಅಲ್ಲಾಡುತ್ತಿರಬೇಕು, ನಿಂತರೆ ಕೈ ಏನನ್ನಾದರೂ ಬಿಚ್ಚುತ್ತಿರಬೇಕು. ಎಸ್ಸೆಸ್ಸೆಲ್ಸಿಗೆ ಓದಿಗೆ ಶರಣು ಹೊಡೆದವನು ತಕ್ಕಡಿ ಬಿಚ್ಚಿ ಕಲಿತ, ರೇಡಿಯೊ ಬಿಚ್ಚಿ ಕಲಿತ. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಬಿಚ್ಚಿಕೊಂಡು ಕೂತ. ಪೇಟೆಯವರು ನಕ್ಕರು. ಇವನು ಹಳೇ ಪುಸ್ತಕದಂಗಡಿಯಿಂದ ತಂದ ಪುಸ್ತಕಗಳನ್ನು ಉಡದ ಪಟ್ಟು ಹಿಡಿದು ಓದಿದ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಅವನು ಮನೆಯಲ್ಲೇ ಒಂದು ಸರ್ವರ್ ಪೆಟ್ಟಿಗೆ ಕಟ್ಟಿ ನಿಲ್ಲಿಸಿದ. ಕಂಪ್ಯೂಟರಿಗೆ ಟೆಲಿಫೋನ್ ತಂತಿ ಜೋಡಿಸಿದ್ದ. ಸಂಜೆ ಸೊಸೆ ಹೇಮಲತಾ ಅರಸೀಕೆರೆ, ತಿಪಟೂರಿನ ಕೊಬ್ಬರಿ ದರವನ್ನು ಅದರೊಳಗೆ ಓದಿಡುವಳು. ಮರುದಿನ ಮೊದಲ ಬಸ್ಸಿಗೆ ಮುಂಚೆ ಕಣಕಟ್ಟೆಯಿಂದಲೋ ಹಗರೆಯಿಂದಲೋ ಯಾರು ಫೋನ್ ಮಾಡಿದರೂ ಅವಳ ದನಿಯಲ್ಲಿ ದರ ಕೇಳುವುದು. ದರ ಏರಿದ್ದರೆ ಮೂಟೆ ಬಸ್ಸಿನ ಮೇಲೇರುವುದು, ಬಿದ್ದಿದ್ದರೆ ಅಟ್ಟದಲ್ಲೇ ಉಳಿಯುವುದು. ಬಸ್‌ಸ್ಟ್ಯಾಂಡಿನ ಸುಳ್ಳು ದರ ಹೇಳುವ ದಲ್ಲಾಳಿಗಳ ಬಾಯಿಗೆ ಬೀಗ ಬಿತ್ತು.

ಪೆಟ್ಟಿಗೆ ಮನೆಯಲ್ಲಿದ್ದಷ್ಟು ದಿನ ಗಿಳಿಯ ಹಾಗೆ ಮಾತಾಡಿತು. ಆದರೆ ಹೆಂಡತಿ ಶಿವಗಂಗಮ್ಮ ಒಪ್ಪಲಿಲ್ಲ. ಬೇಲೂರಿನ ತವರಿನವರು ಫೋನ್ ಮಾಡಿದರೆ ಕೊಬ್ಬರಿ ದರ ಕೇಳಿಸಿಕೊಂಡು ಇಟ್ಟುಬಿಡುತ್ತಾರೆ, ಸತ್ತರೂ ಕೆಟ್ಟರೂ ನನಗೆ ಸುದ್ದಿ ಬೇಡವೇ ಎಂದು ಹಟ ಹಿಡಿದಳು. ಪೆಟ್ಟಿಗೆ ಮಂಡಿಯ ಮುಂದಿನ ಕೋಣೆಗೆ ಹೋಯಿತು, ಅಂಗಡಿಯ ಫೋನಿಗೆ ಸೇರಿತು.

ಅಲ್ಲಿಂದ ಶುರುವಾಯಿತು ಕಾಟ. ಸಂಜೆ ಚೆನ್ನಾಗಿರುವುದು, ಬೆಳಗಿನ ಜಾವಕ್ಕೆ ಮೂಗಬಸವ. ಮನೆಯಿಂದ ಫೋನ್ ಹಚ್ಚಿದರೆ ರಿಂಗಾಗುತ್ತದೆ, ಎತ್ತುವ ದಿಕ್ಕಿಲ್ಲ. ಓಡಿ ಹೋಗಿ ಅಂಗಡಿ ತೆಗೆದು ಊದುಬತ್ತಿ ಹಚ್ಚುವಷ್ಟರಲ್ಲಿ ಅದು ಏನೂ ಆಗದ ಹಾಗೆ ಗುಂಯ್ ಎನ್ನುತ್ತ ಎದ್ದಿರುತ್ತಿತ್ತು.

ಎದುರಿನ ಟೀ ಅಂಗಡಿಯ ಸಣ್ಣಯ್ಯನಿಗೆ ಇದು ದಿನದ ನಗೆಯಾಯಿತು. "ನಿಮ್ಮನ್ನ ಕಂಡ್ರೆ ಎದ್ದು ನಿಲ್ತೈತೆ ಇಂದುಧರಣ್ಣ. ಒಳ್ಳೆ ಮರ್ಯಾದಸ್ಥ ಪೆಟ್ಟಿಗೆ ಕಣ್ರೀ."

ರಾತ್ರಿ ಕರೆಂಟು ಹೋಗುತ್ತದೆಯೇನೋ ಎಂದರೆ, ಇಲ್ಲವೇ ಇಲ್ಲ, ತನ್ನ ಅಂಗಡಿಯ ದೀಪ ಬೆಳಗಿನವರೆಗೂ ಉರಿಯುತ್ತಿತ್ತು ಎಂದು ಅದೇ ಸಣ್ಣಯ್ಯ ಆಣೆ ಮಾಡಿದ. ಹಾಗಾದರೆ ಯುಪಿಎಸ್ಸಿನ ದೋಷ, ಇಂದುಧರ ಬ್ಯಾಟರಿ ಬದಲಾಯಿಸಿದ. ನಾರಿನ ಪುಡಿ ಫ್ಯಾನಿಗೆ ಸಿಕ್ಕಿರಬೇಕು, ಪರದೆ ಕಟ್ಟಿದ. ಅರ್ಥಿಂಗ್ ಕೆಟ್ಟಿರಬೇಕು, ಹಿತ್ತಲಲ್ಲಿ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿ ನೀರು ಹೊಯ್ದ. ಇಲಿಗೆ ಬೋನಿಟ್ಟ, ಇಲಿ ಬಿತ್ತು, ಪೆಟ್ಟಿಗೆ ಮಾತ್ರ ಬಾಯಿ ಬಿಡಲಿಲ್ಲ. ನಾದಿನಿಯ ಮಗಳ ಮದುವೆಗೆಂದು ಬೇಲೂರಿಗೆ ಹೋದ ಎರಡು ದಿನ ಅದು ಬೆಳಗಿನ ಜಾವವೂ ಸೊಗಸಾಗಿ ಮಾತಾಡಿತಂತೆ. ಅದನ್ನು ಕೇಳಿ ಅವನ ಎದೆಗೆ ಕೊಳ್ಳಿ ಇಟ್ಟ ಹಾಗಾಯಿತು. ಊಟ ಸೇರದು, ನಿದ್ದೆ ಹತ್ತದು. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಗೂ ಮಂಡಿಗೂ ಓಡಾಡಿದ.

ಕೊನೆಗೆ ಕಣಕಟ್ಟೆಯ ಉಗ್ರಪ್ಪ ಬಂದ. ಈ ಪೆಟ್ಟಿಗೆಯನ್ನು ಮೊದಲು ನಂಬಿದವನೇ ಅವನು; ಅವನ ಮಾತು ಕೇಳಿ ಸುತ್ತಿನ ತೋಟದವರೂ ನಂಬಿದ್ದರು. ಆ ದಿನ ಫೋನು ಉತ್ತರ ಕೊಡದೆ ಕುರುಡಾಗಿ ಮೂಟೆ ಹೇರಿಕೊಂಡು ಬಂದಿದ್ದ. ದರ ನೆಲ ಕಚ್ಚಿತ್ತು. ಹೆಗಲ ಮೇಲಿನ ಟವಲ್ಲು ಕೊಡವಿ ನಿಧಾನವಾಗಿ ಹೇಳಿದ:

"ನಿಮ್ ಮೇಲೆ ಬೇಜಾರಿಲ್ಲ ಸಾವ್ಕಾರ್ರೆ. ಆದ್ರೆ ನಾಳಿದ್ದು ಹರಾಜಿನ ದಿನ್ವೂ ಹಿಂಗೇ ಮೂಗ ಆದ್ರೆ, ನಾವೆಲ್ಲ ಆ ದಲ್ಲಾಳಿಗಳನ್ನೇ ಕೇಳ್ಕಂತೀವಿ. ಸುಳ್ಳೋ ನಿಜ್ವೋ, ಅವ್ರು ಬಾಯಾದ್ರೂ ಬಿಡ್ತಾರೆ."

ಆ ಮಾತು ಇಂದುಧರನಿಗೆ ಮುಳ್ಳಿನ ಹಾಗೆ ನೆಟ್ಟುಕೊಂಡಿತು.

ದಿನಾ ಮನೆಯಿಂದಲೇ ಫೋನಿನಲ್ಲಿ ದರ ಓದಿಡುತ್ತಿದ್ದ ಹೇಮಲತಾ, ಹರಾಜಿನ ಹಿಂದಿನ ಸಂಜೆ ಮಂಡಿಗೇ ಬಂದಳು. ಕೆಲಸ ಮುಗಿಸಿ ಹೊರಗೆ ಜಗಲಿಯ ಮೇಲೆ ನಿಂತಳು. ಇಂದುಧರ ಒಳಗೆಲ್ಲ ಒಮ್ಮೆ ನೋಡಿ, "ಶಿವ ಶಿವ" ಎನ್ನುತ್ತ ಬಾಗಿಲಿಗೆ ಬಂದು ಬೀಗ ಕೈಗೆತ್ತಿಕೊಂಡ.

"ಮಾವ, ಮೈನ್ ಸ್ವಿಚ್ ಯಾಕೆ ಇಳಿಸಿದ್ರಿ?"

"ನಾನೆಲ್ಲಿ ಇಳಿಸ್ದೆ?"

"ಈಗ ತಾನೆ. ಶಿವ ಶಿವ ಅಂದ್ರಲ್ಲ, ಆಗ."

ಇಂದುಧರ ತಿರುಗಿ ನೋಡಿದ. ಗೋಡೆಯ ಮೇಲಿನ ಹಿಡಿ ಕೆಳಗಿತ್ತು. ಒಳಗೆ ಯುಪಿಎಸ್ಸು ಹಸಿದ ಕರುವಿನ ಹಾಗೆ ಕೂಗುತ್ತಿತ್ತು.

ಅವನು ಚಿಕ್ಕವನಿದ್ದಾಗ ಆ ಬೀದಿಯಲ್ಲಿ ಒಂದು ಕೊಬ್ಬರಿ ಗೋಡೌನು ಸುಟ್ಟು ಬೂದಿಯಾಗಿತ್ತು. ಅಂದಿನಿಂದ ಅವನ ಅಪ್ಪ ಬೀಗ ಹಾಕುವ ಮುಂಚೆ ತನ್ನ ಕೈಯಾರೆ ಮೈನ್ ಇಳಿಸುತ್ತಿದ್ದ. ಆಳುಗಳು ಯಾರೂ ಮುಟ್ಟಕೂಡದು. ಕೊಬ್ಬರಿ ಅಂದರೆ ಎಣ್ಣೆ ಕಣೋ, ನೀನೂ ತಪ್ಪಬೇಡ ಎಂದು ಮಾತು ತೆಗೆದುಕೊಂಡೇ ಕಣ್ಣು ಮುಚ್ಚಿದ್ದ. ಮಗ ಒಂದು ದಿನವೂ ತಪ್ಪಿರಲಿಲ್ಲ. ಬರಬರುತ್ತ ಕೈಗೆ ರೂಢಿಯಾಗಿ ಮನಸ್ಸಿಗೆ ಮರೆತೇಹೋಗಿತ್ತು. ಬೆಳಿಗ್ಗೆ ಏರಿಸುತ್ತಿದ್ದುದೂ ಆ ಕೈಯೇ; ನಡುವೆ ಬ್ಯಾಟರಿ ಬರಿದಾಗಿ ಪೆಟ್ಟಿಗೆ ಮಲಗುತ್ತಿತ್ತು. ಅವನು ಬೇಲೂರಿನಲ್ಲಿದ್ದ ದಿನಗಳಲ್ಲಿ ಹಮಾಲಿ ಜವರಯ್ಯ ಬರೀ ಬಾಗಿಲು ಎಳೆದು ಬೀಗ ಹಾಕಿದ್ದ.

ಇಂದುಧರನಿಗೆ ನಗು ಬರಲಿಲ್ಲ. ಮೈನ್ ಏರಿಸಿದರೆ ಅಪ್ಪನಿಗೆ ಕೊಟ್ಟ ಮಾತು ಹೋಯಿತು, ಇಳಿಸಿದರೆ ಉಗ್ರಪ್ಪ ಹೋದ. ಜಗಲಿಯ ಮೇಲೆ ಅತ್ತಿಂದಿತ್ತ ನಡೆದ. ಆಮೇಲೆ ಒಳಗೆ ಹೋಗಿ ಮಂಡಿಯ ಹಿಂದಿನ ಗೋಡೌನಿನ ಕಡೆಗೆ ಹೋಗುವ ತಂತಿಯ ಫ್ಯೂಸುಗಳನ್ನೆಲ್ಲ ಕಿತ್ತು ಜೇಬಿಗೆ ಹಾಕಿಕೊಂಡ. ಕೊಬ್ಬರಿ ಇರುವ ಕಡೆ ಈಗ ಕರೆಂಟಿಲ್ಲ. ಆಮೇಲೆ ಮೈನ್ ಏರಿಸಿ ಹೊರಬಂದು, ಬೀಗ, ಬೀಗದಕೈ ಎರಡನ್ನೂ ಸೊಸೆಯ ಕೈಗಿತ್ತ.

"ನೀನೇ ಹಾಕಮ್ಮ. ನಂಗೆ ಈ ಕೈ ಮೇಲೆ ನಂಬ್ಕೆ ಇಲ್ಲ."

ಅವಳು ಬೀಗ ಹಾಕುವವರೆಗೂ ಅವನು ರಸ್ತೆಯಾಚೆ ಟೀ ಅಂಗಡಿಯ ಮುಂದೆ ಕೈಗಳನ್ನು ಬೆನ್ನ ಹಿಂದೆ ಹೆಣೆದುಕೊಂಡು ನಿಂತಿದ್ದ.

ಬೆಳಗಿನ ಜಾವ ಮನೆಯಿಂದ ಫೋನ್ ಹಚ್ಚಿದ. ರಿಂಗಾಗಲಿಲ್ಲ, ಎಂಗೇಜ್ ಸದ್ದು. ಮತ್ತೆ ಹಚ್ಚಿದ, ಮತ್ತೆ ಅದೇ. ಜನ ಮಾತಾಡಿಸುತ್ತಿದ್ದಾರೋ, ಪೆಟ್ಟಿಗೆಯೇ ಲೈನು ಕಚ್ಚಿಕೊಂಡು ಸತ್ತಿದೆಯೋ?

"ನೀವು ಇಟ್ರೆ ತಾನೆ ಬ್ಯಾರೆಯೋರಿಗೆ ಸಿಗೋದು," ಎಂದು ಶಿವಗಂಗಮ್ಮ ರಿಸೀವರ್ ಕಿತ್ತುಕೊಂಡಳು.

ಅವನು ಅಂಗಿ ಗುಂಡಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಬಸ್‌ಸ್ಟ್ಯಾಂಡಿಗೆ ಓಡಿದ. ಕಣಕಟ್ಟೆ ಕಡೆಯ ಮೊದಲ ಬಸ್ಸು ಬಂತು. ಮೇಲೆ ಒಂದು ಮೂಟೆಯೂ ಇಲ್ಲ. ಇಳಿದವರಲ್ಲಿ ಉಗ್ರಪ್ಪನೂ ಇಲ್ಲ. ಇಂದುಧರನ ಕಾಲು ಅಲ್ಲಾಡುವುದು ನಿಂತಿತು.

ಆಗ ಕಂಡಕ್ಟರ್ ಪುಟ್ಟಸ್ವಾಮಿ ಬಾಗಿಲಿಂದ ತಲೆ ಹಾಕಿದ. "ಮಂಡಿ ಇಂದುಧರಪ್ಪೋರು ನೀವೇ ಅಲ್ವ್ರಾ? ಉಗ್ರಪ್ಪೋರು ಹೇಳಿ ಕಳ್ಸವ್ರೆ. ದರ ಇನ್ನೂ ಬಿದ್ದೈತಂತೆ, ನಿಮ್ ಸೊಸೆ ಹೇಳುದ್ರಂತೆ. ಈ ಸಲ ಬರಕಿಲ್ಲ, ಏರಿದ್ಮೇಲೆ ಬತ್ತೀನಿ ಅಂದ್ರು."

ಆ ದಿನ ಮಂಡಿಗೆ ಕಣಕಟ್ಟೆಯ ಕೊಬ್ಬರಿ ಒಂದು ಹೋಳೂ ಬರಲಿಲ್ಲ. ಇಂದುಧರ ಜೇಬಿನ ಫ್ಯೂಸುಗಳನ್ನು ಗೋಲಿಯ ಹಾಗೆ ಕುಲುಕಿಸುತ್ತ ಮಂಡಿಯ ಕಡೆ ಬಿರಬಿರನೆ ನಡೆದ.